ಹಿಂದೆ ಬರುವ ಕಾರಿನ ಕೀ

ಆ ಭಾನುವಾರ ಬೆಳಿಗ್ಗೆ ಏನು ನಡೆಯಿತು ಎಂಬುದು ನನಗೆ ಸರಿಯಾಗಿ ಗೊತ್ತಿಲ್ಲ. ನೆನಪೇನೋ ಬೇಕಾದಷ್ಟಿದೆ. ಆದರೆ ನೆನಪಿರುವುದು ಬೇರೆ, ಗೊತ್ತಿರುವುದು ಬೇರೆ ಎಂದು ನೈರೋಬಿಯ ವಿಶ್ವವಿದ್ಯಾಲಯವೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವವನು ನಾನೇ. ನನ್ನ ವಿಷಯ ಸಂಖ್ಯಾಶಾಸ್ತ್ರ. ಕಣ್ಣಾರೆ ಕಂಡೆ ಎನ್ನುವವರನ್ನು ಮೊದಲು ಅನುಮಾನಿಸಿ ಎನ್ನುತ್ತೇನೆ. ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳುತ್ತಾರೆ. ನಾನು ಬರೆದುಕೊಂಡಿರಲಿಲ್ಲ.

ಸಣ್ಣದರಿಂದಲೇ ಶುರು ಮಾಡುತ್ತೇನೆ. ಅಂದು ಗಾಡಿಗಳ ಚಕ್ರಗಳ ಕೆಳಗೆ ಎಂಟು ನಿಂಬೆಹಣ್ಣು ಇಟ್ಟಿದ್ದರು ಎಂದು ನನ್ನ ನೆನಪು. ನಾಲ್ಕೇ ಎನ್ನುತ್ತಾನೆ ನನ್ನ ಗೆಳೆಯ. ಅವನ ಹೆಂಡತಿ ಎಣಿಸಲು ಹೋಗಿಲ್ಲ. "ನಿಂಬೆಹಣ್ಣು ತಂದವಳು ನಾನು, ಒಂದು ಚೀಲ ತಂದಿದ್ದೆ, ಸಂಜೆ ಪಾನಕಕ್ಕೆ ಎಷ್ಟು ಉಳಿದಿತ್ತು ಅಂತ ಬೇಕಾದರೆ ಹೇಳುತ್ತೇನೆ" ಎನ್ನುತ್ತಾರೆ. ಮೂವರೂ ಓದಿದವರು, ಒಂದೇ ಅಂಗಳದಲ್ಲಿ ಹತ್ತು ಹೆಜ್ಜೆಯೊಳಗೆ ನಿಂತಿದ್ದವರು.

ಗೆಳೆಯ ದಾವಣಗೆರೆಯವನು, ಇಲ್ಲಿನ ಔಷಧ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಹೆಂಡತಿ ಮಕ್ಕಳ ಡಾಕ್ಟರು. ಹರ್ಲಿಂಗ್‌ಹ್ಯಾಮ್‌ನಲ್ಲಿ ಅವರ ಕ್ಲಿನಿಕ್ಕು. ಇರುವುದು ಸ್ಪ್ರಿಂಗ್ ವ್ಯಾಲಿಯಲ್ಲಿ, ನಾನಿರುವ ಲೊರೆಶೋದಿಂದ ಅಷ್ಟೇನೂ ದೂರವಲ್ಲ. ಕೂತಲ್ಲಿ ಕೂರಲಾಗದ ಸ್ವಭಾವ ನನ್ನದು. ರಜೆಯ ದಿನ ಕಾಲು ತಾನಾಗಿ ಅವರ ಮನೆಯ ಕಡೆ ಹೋಗುತ್ತದೆ.

ಹಾಗೊಂದು ದಿನ ಹೋದಾಗ ಅವರ ಅಂಗಳದ ಜಕರಾಂಡ ಮರದ ಕೆಳಗೆ ಒಂದು ಮೋಟರ್‌ಹೋಮ್ ನಿಂತಿತ್ತು. ಒಳಗೇ ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ನಾಲ್ವರು ಕೂತು ಉಣ್ಣುವ ಮೇಜು. ಊರಿಗೆ ಮರಳುತ್ತಿದ್ದ ಯಾವುದೋ ವಿದೇಶಿ ಸಂಸಾರದಿಂದ ಗೆಳೆಯ ಅದನ್ನು ಕೊಂಡಿದ್ದ. ಮನೆಯಲ್ಲಿ ಎಲ್ಲರೂ ಅದನ್ನು ಮನೆಬಸ್ಸು ಎನ್ನತೊಡಗಿದ್ದರು.

ಕೊಂಡದ್ದು ಯಾಕೆ ಎಂದು ನಾನು ಕೇಳಬೇಕಾಗಿರಲಿಲ್ಲ. ಡಾಕ್ಟರು ಹನ್ನೊಂದು ವರ್ಷದಿಂದ ನಾಲ್ಕು ದಿನ ಒಟ್ಟಿಗೆ ರಜೆ ಹಾಕಿರಲಿಲ್ಲ. ಆ ನಾಲ್ಕು ದಿನ ಅವನಿಗೆ ಬೇಕಿತ್ತು. ಡಿಸೆಂಬರಿನಲ್ಲಿ, ನೈವಾಶಾ ಸರೋವರದ ದಂಡೆಯಲ್ಲಿ. ಹೋಟೆಲು ಎಂದರೆ ಅವರು ಹಿಂದಿನ ದಿನ ರದ್ದು ಮಾಡುತ್ತಾರೆ. ಮನೆಯೇ ಹೊರಟು ನಿಂತರೆ ಹತ್ತದೆ ಇರುತ್ತಾರೆಯೇ ಎಂದು ಅವನ ಲೆಕ್ಕ.

ಡಾಕ್ಟರು ಬರುತ್ತೇನೆ ಎಂದರು, ಒಂದು ಷರತ್ತಿನ ಮೇಲೆ.

"ನನ್ನ ಕಾರು ಹಿಂದೆ ಬರ್ಬೇಕು. ಕ್ಲಿನಿಕ್ಕಿಂದ ಫೋನ್ ಬಂದ್ರೆ ನಾನು ಇಳಿದು ಹೊರಟೆ. ಈ ಬಸ್ಸನ್ನ ತಿರುಗಿಸ್ಕೊಂಡು ನೀವು ನನ್ನ ವಾಪಸ್ ಕರ್ಕೊಂಡ್ ಬರೋ ಹೊತ್ತಿಗೆ ಮಗು ದೊಡ್ಡದಾಗಿ ಕಾಲೇಜಿಗೆ ಹೋಗಿರತ್ತೆ."

"ಯಾರು ಓಡಿಸ್ಕೊಂಡ್ ಬರೋದು ಅದನ್ನ? ನೀನು ಬಸ್ಸಲ್ಲಿ ನನ್ನ ಪಕ್ಕ ಕೂರ್ಬೇಕು ಅಂತ ತಾನೆ ಇಷ್ಟೆಲ್ಲ ಮಾಡಿದ್ದು?"

"ಕಟ್ಟಿ ಎಳ್ಕೊಂಡ್ ಬನ್ನಿ. ಇಂಜಿನಿಯರ್ ಅಲ್ವಾ ನೀವು?"

ನನ್ನ ಕುತೂಹಲ ಕೆರಳಿದ್ದು ಅಲ್ಲಿ. ಒಂದು ಕಾರನ್ನು, ಒಳಗೆ ಯಾರೂ ಇಲ್ಲದೆ, ನೂರು ಕಿಲೋಮೀಟರು, ಅದೂ ಘಟ್ಟ ಇಳಿಸಿಕೊಂಡು ಎಳೆದೊಯ್ಯುವುದು ಹೇಗೆ? ಅದು ನಮ್ಮ ಹಿಂದೆಯೇ ಬರಬೇಕೆಂದು ಅದಕ್ಕೆ ಹೇಗೆ ತಿಳಿಯುತ್ತದೆ? ಎರಡು ವಾರ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಉತ್ತರ ಸರಳವಾಗಿತ್ತು. ಕಾರಿನ ನಾಲ್ಕೂ ಚಕ್ರ ನೆಲದ ಮೇಲೇ ಇರುತ್ತವೆ. ಮುಂಭಾಗದ ಚಾಸಿಗೆ ತ್ರಿಕೋನಾಕಾರದ ಒಂದು ಕಬ್ಬಿಣದ ಚೌಕಟ್ಟನ್ನು ಎರಡು ಕಡೆ ಬಿಗಿಯುತ್ತಾರೆ. ಅದರ ಚೂಪು ತುದಿ ಮನೆಬಸ್ಸಿನ ಬೆನ್ನಿಗಿರುವ ಕಬ್ಬಿಣದ ಗುಂಡಿನ ಮೇಲೆ ಕೂರುತ್ತದೆ. ಬಸ್ಸು ತಿರುಗಿದರೆ ಚೌಕಟ್ಟು ಕಾರಿನ ಮೂತಿಯನ್ನು ಪಕ್ಕಕ್ಕೆ ಎಳೆಯುತ್ತದೆ, ಕಾರಿನ ಮುಂದಿನ ಚಕ್ರಗಳು ತಾವಾಗಿ ಆ ಕಡೆ ಹೊರಳುತ್ತವೆ. ಆಟೋಮ್ಯಾಟಿಕ್ ಕಾರನ್ನು ಹೀಗೆ ಎಳೆದರೆ ಗೇರ್‌ಬಾಕ್ಸು ಎಣ್ಣೆಯಿಲ್ಲದೆ ಸುಟ್ಟುಹೋಗುವ ಭಯ. ಡಾಕ್ಟರದ್ದು ಕೈಯಲ್ಲಿ ಗೇರು ಹಾಕುವ ಪುಟ್ಟ ಜಪಾನಿ ಕಾರು. ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಇಳಿಸಿದರೆ ಸಾಕು. ಆದರೆ ಚಕ್ರ ಹೊರಳಬೇಕಾದರೆ ಸ್ಟೀರಿಂಗಿಗೆ ಬೀಗ ಬಿದ್ದಿರಬಾರದು. ಬೀಗ ಬೀಳದಿರಬೇಕಾದರೆ ಕೀ ಕಾರಿನಲ್ಲೇ ಇರಬೇಕು, ಒಂದು ಹಂತ ಮುಂದಕ್ಕೆ ತಿರುಗಿಸಿದ ಸ್ಥಿತಿಯಲ್ಲಿ.

ಚೌಕಟ್ಟು ಮಾಡಿಕೊಟ್ಟವನು ಒಬ್ಬ ಫುಂಡಿ. ಮೆಕ್ಯಾನಿಕ್ಕು, ವೆಲ್ಡರು, ಬಡಗಿ, ಕೈಕೆಲಸ ಬಲ್ಲ ಯಾರಿಗಾದರೂ ಇಲ್ಲಿ ಅದೇ ಹೆಸರು. ನಮ್ಮವನು ಐವತ್ತು ದಾಟಿದವನು, ಮಾತು ಕಡಿಮೆ. ಚೌಕಟ್ಟಿನ ಕೆಳಗೆ ಎರಡು ಸರಪಳಿಗಳನ್ನು ಒಂದರ ಮೇಲೊಂದು ಅಡ್ಡಹಾಯುವಂತೆ ಹಾಕಿದ. ನೇರವಾಗಿ ಯಾಕಲ್ಲ ಎಂದು ನಾನು ಕೇಳಿದೆ. ಅವನು ಸ್ಪ್ಯಾನರು ಕೆಳಗಿಟ್ಟು, ತನ್ನ ಎರಡೂ ಮುಂಗೈಗಳನ್ನು ಮಗು ಎತ್ತಿಕೊಳ್ಳುವವರ ಹಾಗೆ ಅಡ್ಡ ಹಿಡಿದು ತೋರಿಸಿದ. ಗುಂಡಿನಿಂದ ತುದಿ ಕಳಚಿಬಿದ್ದರೆ ರಸ್ತೆಗೆ ಬೀಳಬಾರದು, ಈ ಮಡಿಲಿಗೆ ಬೀಳಬೇಕು. ಆಮೇಲೆ ಗೆಳೆಯನ ಕಡೆ ತಿರುಗಿ ಸ್ವಾಹಿಲಿಯಲ್ಲಿ ಒಂದೇ ಎಚ್ಚರಿಕೆ ಹೇಳಿದ: ಏನು ಬೇಕಾದರೂ ಮಾಡಿ, ಹಿಂದಕ್ಕೆ ಮಾತ್ರ ಬಿಡಬೇಡಿ, ಹಿಂದಕ್ಕೆ ಬಿಟ್ಟರೆ ಕಾರು ಅಡ್ಡ ತಿರುಗಿ ಚೌಕಟ್ಟನ್ನು ಮುರಿಯುತ್ತದೆ.

ನಾನು ಪಟ್ಟಿ ಮಾಡಿದೆ. ಹನ್ನೆರಡು ಅಂಶಗಳು, ಒಂದೊಂದರ ಮುಂದೆ ಒಂದು ಚೌಕ. ಗುಂಡಿನ ಮೇಲಿನ ಚಿಲಕ, ಪಿನ್ನು, ಸರಪಳಿ, ಹಿಂದಿನ ದೀಪಗಳಿಗೆ ಹೋಗುವ ವೈರು, ಗೇರು, ಹ್ಯಾಂಡ್‌ಬ್ರೇಕು. ಏಳನೆಯದು: ಕೀ ಒಳಗಿದೆ, ಸ್ಟೀರಿಂಗ್ ಕೈಯಿಂದ ಎರಡೂ ಕಡೆ ತಿರುಗುತ್ತದೆ.

"ಏನ್ ಮೇಷ್ಟ್ರೇ, ನಿಂಗೆ ಪರೀಕ್ಷೆ ಮಾಡ್ದೆ ಇರಕ್ಕಾಗಲ್ಲ ಅಲ್ವಾ?" ಎಂದ ಗೆಳೆಯ. "ನಂಗೆ ಎಷ್ಟು ಮಾರ್ಕ್ಸು?"

"ಹನ್ನೆರಡಕ್ಕೆ ಹನ್ನೆರಡು ಬಂದ್ರೆ ಪಾಸು. ಹನ್ನೊಂದು ಬಂದ್ರೆ ಫೇಲು."

ಆ ಭಾನುವಾರ ನಡೆಯಬೇಕಾಗಿದ್ದದ್ದು ಇಷ್ಟೇ: ಮನೆಬಸ್ಸಿಗೆ ಕಾರು ಜೋಡಿಸಿ, ಸ್ಪ್ರಿಂಗ್ ವ್ಯಾಲಿಯಿಂದ ಲೊರೆಶೋದವರೆಗೆ ಹೋಗಿ ಬರುವುದು. ಡಾಕ್ಟರು ಗಂಡನ ಪಕ್ಕದಲ್ಲಿ ಕೂತು ಕನ್ನಡಿಯಲ್ಲಿ ತಮ್ಮ ಕಾರನ್ನು ನೋಡುತ್ತಾರೆ. ನಂಬಿಕೆ ಬಂದರೆ ಡಿಸೆಂಬರಿಗೆ ರಜೆ ಬರೆಯುತ್ತಾರೆ. ನಾನು ನನ್ನ ಕಾರಿನಲ್ಲಿ ಹಿಂದೆ ಹಿಂದೆ ಹೋಗಿ ನೋಡಿದ್ದನ್ನು ಹೇಳಬೇಕು. ಗೆಳೆಯ ಅಂದು ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ.

ಹನ್ನೆರಡೂ ಚೌಕಗಳಿಗೆ ಟಿಕ್ ಬಿತ್ತು. ಸ್ಟೀರಿಂಗನ್ನು ನಾನೇ ಎರಡೂ ಕಡೆ ತಿರುಗಿಸಿ ನೋಡಿದೆ. ಆಗ ಗೆಳೆಯ ಹೇಳಿದ, "ಸರಿ, ಒಂದೈದು ನಿಮಿಷ. ಪೂಜೆ ಮಾಡಿಬಿಡೋಣ."

ಕಾರ್ಖಾನೆಯಲ್ಲಿ ಮಾತ್ರೆ ಒತ್ತುವ ಯಂತ್ರಗಳಿಗೆ ಪ್ರತಿ ವರ್ಷ ಆಯುಧಪೂಜೆ ಮಾಡಿಸುವವನು ಅವನು. ಅಲ್ಲಿನ ಕೀನ್ಯಾದ ಕೆಲಸಗಾರರು ಕೂಡ ಅಂದು ಮನೆಯಿಂದ ಹೂವು ತರುತ್ತಾರಂತೆ. ಎರಡು ಗಾಡಿ ಒಂದಾಗಿ ಮೊದಲ ಸಲ ಗೇಟು ದಾಟುತ್ತಿರುವಾಗ ಸುಮ್ಮನೆ ಬಿಡುತ್ತಾನೆಯೇ. ಬಸ್ಸಿನ ಮೂತಿಗೆ ಚೆಂಡುಹೂವಿನ ಹಾರ, ಗಾಜಿಗೆ ಕುಂಕುಮ, ಚಕ್ರಗಳ ಕೆಳಗೆ ಎಷ್ಟೋ ನಿಂಬೆಹಣ್ಣು. ಕಾಲೇಜಿನಿಂದ ರಜೆಗೆ ಬಂದಿದ್ದ ಅವರ ಮಗಳು ಫೋನು ಹಿಡಿದು ಸುತ್ತುತ್ತಿದ್ದಳು. ಈ ಊರಿನಲ್ಲೇ ಬೆಳೆದ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ.

"ಅಪ್ಪಾ, ಡಸ್ ದ ಲಿಟಲ್ ಕಾರ್ ಗೆಟ್ ಲೆಮನ್ಸ್ ಟೂ?"

"ಅದಕ್ಕೂ ಚಕ್ರ ಇದೆ ತಾನೆ? ಇಡು."

ಪೂಜೆಯ ಹೊತ್ತಿನಲ್ಲಿ ನಾನೆಲ್ಲಿದ್ದೆ? ಇದು ನನಗೆ ಬಹಳ ಸ್ಪಷ್ಟವಾಗಿ ನೆನಪಿದೆ. ಗೇಟಿನ ಹತ್ತಿರ, ಕಾವಲುಗಾರನ ಪಕ್ಕ, ಕೈಕಟ್ಟಿಕೊಂಡು. ಶೂ ಹಾಕಿಕೊಂಡೇ. ನಾನು ಇಂಥವನ್ನು ನಂಬುವವನಲ್ಲ. ಓದಲು ಹೋದ ಮೊದಲ ವರ್ಷವೇ ಬಿಟ್ಟೆ. ಇಲ್ಲಿಯ ಎಲ್ಲರಿಗೂ ಅದು ಗೊತ್ತು, ನನ್ನನ್ನು ಯಾರೂ ಕರೆಯುವುದೂ ಇಲ್ಲ. ಬೆಳಗಿನ ಬಿಸಿಲು ಬೆನ್ನಿಗೆ ಬೀಳುತ್ತಿತ್ತು. ತೆಂಗಿನಕಾಯಿ ಒಡೆದ ಸದ್ದು ಕೇಳಿತು. ಈ ಕಬ್ಬಿಣ ನಿಲ್ಲುವುದು ಸರಪಳಿಯಿಂದ, ಕುಂಕುಮದಿಂದಲ್ಲ ಎಂದು ಯೋಚಿಸಿದ್ದೂ ನೆನಪಿದೆ.

ಬಸ್ಸು ಹೊರಟಿತು, ಹಿಂದೆಯೇ ನನ್ನ ಕಾರಿನಲ್ಲಿ ನಾನು. ನಿಂಬೆಹಣ್ಣುಗಳು ಪಟಪಟನೆ ಒಡೆದವು. ಗೇಟು ದಾಟಿ ಎಡಕ್ಕೆ ತಿರುಗಿದಾಗ ನಾನು ನೋಡಿದ್ದು: ಬಸ್ಸು ತಿರುಗಿತು, ಚೌಕಟ್ಟು ತಿರುಗಿತು, ಕಾರಿನ ಮುಂದಿನ ಚಕ್ರಗಳು ಮಾತ್ರ ನೆಟ್ಟಗೇ ಇದ್ದವು. ಹಟ ಹಿಡಿದ ಮಗುವನ್ನು ರಟ್ಟೆ ಹಿಡಿದು ಎಳೆದ ಹಾಗೆ ಕಾರು ಅಡ್ಡಡ್ಡ ಉಜ್ಜಿಕೊಂಡು ಹೋಯಿತು. ಟೈರು ಕಿರುಚಿತು. ರಸ್ತೆಯ ಮೇಲೆ ಎರಡು ಕಪ್ಪು ಗೆರೆ.

ನಾನು ಹಾರ್ನ್ ಬಾರಿಸಿದೆ. ಗೆಳೆಯ ಕಿಟಕಿಯಿಂದ ಕೈ ಹೊರಗೆ ಹಾಕಿ ಖುಷಿಯಾಗಿ ಬೀಸಿದ. ನಾನು ಅಭಿನಂದಿಸುತ್ತಿದ್ದೇನೆ ಎಂದುಕೊಂಡನಂತೆ. ಮತ್ತೆ ಬಾರಿಸಿದೆ. ಅವನೂ ಒಮ್ಮೆ ಬಾರಿಸಿದ.

ಮುಂದಿನ ತಿರುವಿನಲ್ಲಿ ಡಾಕ್ಟರು ಕನ್ನಡಿಯಲ್ಲಿ ನೋಡಿರಬೇಕು. ಬಸ್ಸು ಗಕ್ಕನೆ ನಿಂತಿತು, ಅರ್ಧ ಈ ರಸ್ತೆಯಲ್ಲಿ, ಅರ್ಧ ಆ ರಸ್ತೆಯಲ್ಲಿ. ನನ್ನ ಹಿಂದೆ ಒಂದು ಮಟಾಟು ಬಂದು ನಿಂತು ಹಾರ್ನ್ ಹಾಕತೊಡಗಿತು, ಭಾನುವಾರವೂ ಜನ ತುಂಬಿದ್ದ ವ್ಯಾನು. ಗಾಬರಿಯಲ್ಲಿ ಗೆಳೆಯ ಮಾಡಬಾರದ ಒಂದೇ ಕೆಲಸ ಮಾಡಿದ: ಹಿಂದಕ್ಕೆ ಬಿಟ್ಟ. ಕಾರು ಅಡ್ಡ ತಿರುಗಿತು, ಚೌಕಟ್ಟು ನರಳಿತು. ನಾನು ಇಳಿದು ಓಡಿದೆ.

"ರಿವರ್ಸ್ ಬೇಡ, ಬೇಡ ಅಂದ್ರೆ ಬೇಡ ಕಣೋ."

ಮಟಾಟುವಿನ ಕಂಡಕ್ಟರು ಇಳಿದು ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ. ಹಿಂದಿನ ಕಾರು ಇನ್ನೂ ನಿದ್ದೆಯಲ್ಲಿದೆ, ಎಬ್ಬಿಸಿಕೊಂಡು ಹೊರಡಬೇಕಿತ್ತು ಎಂದು ಸ್ವಾಹಿಲಿಯಲ್ಲಿ ಹೇಳಿದ. ವ್ಯಾನಿನಲ್ಲಿದ್ದವರು ನಕ್ಕರು. "ಪೋಲೆ ಪೋಲೆ," ನಿಧಾನ ನಿಧಾನ, ಎನ್ನುತ್ತ ಅವನೇ ನಿಂತು ಉಳಿದ ಗಾಡಿಗಳನ್ನು ಪಕ್ಕದಿಂದ ಬಿಟ್ಟ.

ಡಾಕ್ಟರು ತಮ್ಮ ಕಾರಿನ ಬಾಗಿಲು ತೆಗೆದು ಸ್ಟೀರಿಂಗ್ ಹಿಡಿದರು. ಅಲುಗಲಿಲ್ಲ. ಕೀ ಇರಬೇಕಾದ ತೂತು ಖಾಲಿ.

ಕೀ ಸಿಕ್ಕಿದ್ದು ಮನೆಬಸ್ಸಿನ ಊಟದ ಮೇಜಿನ ಮೇಲೆ, ಪೂಜೆಯ ತಟ್ಟೆಯಲ್ಲಿ. ಗಾಡಿ ಪೂಜೆ ಎಂದರೆ ಕೀಯನ್ನು ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚುವುದು ನಮ್ಮ ಪದ್ಧತಿ. ಎರಡು ಗಾಡಿ, ಎರಡು ಕೀ. ಹೊರಡುವಾಗ ಗೆಳೆಯ ಬಸ್ಸಿನ ಕೀ ತೆಗೆದುಕೊಂಡಿದ್ದ. ಇನ್ನೊಂದು ಹೂವಿನ ಕೆಳಗೆ ಉಳಿದಿತ್ತು.

"ಇದನ್ನ ಕಾರಿಂದ ತೆಗ್ದಿದ್ದು ಯಾರು?" ಎಂದರು ಡಾಕ್ಟರು.

ನಾನು ಜೇಬಿನಿಂದ ಪಟ್ಟಿ ತೆಗೆದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ತೆಗೆದೆ. "ಏಳನೇದಕ್ಕೆ ಟಿಕ್ ಇದೆ, ನೋಡಿ. ನಾನು ನೋಡ್ದಾಗ ಕೀ ಒಳಗೇ ಇತ್ತು."

"ನಾನೇ ತೆಗ್ದಿರ್ಬೇಕು," ಎಂದ ಗೆಳೆಯ. "ಪೂಜೆ ಮಾಡಿದ್ದು ನಾನು ತಾನೆ."

"ಇವತ್ತು ಕೀ. ನಾಳೆ ಘಟ್ಟ ಇಳಿಯುವಾಗ ಚೈನು," ಎಂದರು ಡಾಕ್ಟರು. ಸಿಟ್ಟಿರಲಿಲ್ಲ, ರೋಗಿಯ ತಂದೆತಾಯಿಗೆ ವಿಷಯ ತಿಳಿಸುವ ದನಿಯಲ್ಲೇ ಹೇಳಿದರು. "ನಾನು ಬರಲ್ಲ. ನೀವಿಬ್ರೂ ಹೋಗಿ ಬನ್ನಿ."

ಕೀ ಹಾಕಿ, ನಿಧಾನವಾಗಿ ಒಂದು ಸುತ್ತು ಬಳಸಿ ಮನೆಗೆ ಮರಳಿದೆವು. ಈ ಸಲ ಪುಟ್ಟ ಕಾರು ಪ್ರತಿ ತಿರುವಿನಲ್ಲೂ ಹೇಳಿದ ಹಾಗೆ ಕೇಳಿತು. ನೋಡಲು ಚೆನ್ನಾಗಿತ್ತು. ಆದರೂ ಆ ಡಿಸೆಂಬರಿನಲ್ಲಿ ಯಾರೂ ಎಲ್ಲಿಗೂ ಹೋಗಲಿಲ್ಲ. ಮನೆಬಸ್ಸಿನ ಮೇಲೆ ಜಕರಾಂಡದ ಹೂವು ಬಿದ್ದು ಒಣಗಿತು. ಮರುವರ್ಷವೂ ಬಿತ್ತು.

ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ. ನಮ್ಮ ಕನ್ನಡದವರು ಸೇರಿದಲ್ಲೆಲ್ಲ ಯಾರಾದರೂ ಕೇಳುತ್ತಾರೆ, ನಾನು ಹೇಳುತ್ತೇನೆ. ಗೇಟಿನ ಹತ್ತಿರ ಕೈಕಟ್ಟಿ ನಿಂತ ನಾನು, ಕುಂಕುಮದ ಗಡಿಬಿಡಿಯಲ್ಲಿ ಕೀ ಕಿತ್ತ ಇಂಜಿನಿಯರು, ನಿದ್ದೆ ಹೋದ ಕಾರು. ಎಲ್ಲರೂ ನಗುತ್ತಾರೆ, ಗೆಳೆಯನೂ ನಗುತ್ತಾನೆ. ಈ ವರ್ಷ ಯುಗಾದಿ ಊಟದ ದಿನವೂ ಹೇಳಿದೆ. ಊಟ ಮುಗಿಸಿ ಕಾರುಗಳ ಕಡೆ ನಡೆಯುವಾಗ ಅವನು ನಿಂತ.

"ಮೇಷ್ಟ್ರೇ, ಒಂದು ಹೇಳ್ಲಾ? ನಾನು ಆ ಕೀ ತೆಗ್ದಿದ್ದು ನಂಗೆ ನೆನಪೇ ಇಲ್ಲ ಕಣಯ್ಯ."

"ಅವತ್ತು ಒಪ್ಕೊಂಡ್ಯಲ್ಲ."

"ಇನ್ಯಾರು ತೆಗೀತಾರೆ ಅಂತ ಒಪ್ಕೊಂಡೆ. ಅದಾದ್ಮೇಲೆ ಏನಾಗಿದೆ ಗೊತ್ತಾ? ಗ್ಯಾಸ್ ಆಫ್ ಮಾಡಿದೀನಿ ಕಣೆ ಅಂದ್ರೂ ಇವ್ಳು ಎದ್ದು ಹೋಗಿ ನೋಡ್ತಾಳೆ. ಬಾಗ್ಲು ಹಾಕಿದೀನಿ ಅಂದ್ರೂ ಹೋಗಿ ಎಳೆದು ನೋಡ್ತಾಳೆ. ಏನೂ ಅನ್ನಲ್ಲ. ಸುಮ್ನೆ ಹೋಗಿ ನೋಡ್ತಾಳೆ ಅಷ್ಟೆ."

ಅವನು ನಗುತ್ತಿರಲಿಲ್ಲ. ಎರಡು ವರ್ಷದಲ್ಲಿ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಕೀ ಯಾರು ತೆಗೆದರು ಎಂಬುದಕ್ಕೆ ನಮ್ಮ ಬಳಿ ಇದ್ದ ಸಾಕ್ಷ್ಯ, ತನಗೆ ನೆನಪಿಲ್ಲದವನ ಒಂದು ತಪ್ಪೊಪ್ಪಿಗೆ. ಇದೇ ಆಧಾರದ ಮೇಲೆ ವಿದ್ಯಾರ್ಥಿಯೊಬ್ಬ ಪ್ರಬಂಧ ಬರೆದಿದ್ದರೆ ನಾನು ಹಿಂದಕ್ಕೆ ಕಳಿಸುತ್ತಿದ್ದೆ.

ಅವನ ಮಗಳಿಗೆ ಸಂದೇಶ ಬರೆದೆ. ಅಂದಿನ ಫೋಟೋಗಳು ಇವೆಯೇ?

"ಅಂಕಲ್, ಐ ಹ್ಯಾವ್ ಲೈಕ್ ಫಾರ್ಟಿ," ಎಂದು ಧ್ವನಿ ಸಂದೇಶ ಬಂತು. ಹಿಂದೆಯೇ ಫೋಟೋಗಳು ಒಂದೊಂದಾಗಿ ಇಳಿಯತೊಡಗಿದವು. ಅಡಿಗೆಮನೆಯಲ್ಲಿ ನಿಂತೇ ನೋಡಿದೆ. ಹಾರ. ಗಾಜು. ನಿಂಬೆಹಣ್ಣು, ಆರು, ನಾನೂ ಸರಿಯಲ್ಲ, ಅವನೂ ಸರಿಯಲ್ಲ.

ಮುಂದಿನದರಲ್ಲಿ ಪೂಜೆಯ ತಟ್ಟೆ. ಅದರ ಮುಂದೆ ಬಾಗಿರುವ ಒಬ್ಬ ಗಂಡಸು. ಬರಿಗಾಲು. ಬಲಗೈಯಲ್ಲಿ ಕೀ ಹಿಡಿದು ತಟ್ಟೆಯಲ್ಲಿಡುತ್ತಿದ್ದಾನೆ, ಎಡಗೈಯ ಬೆರಳುಗಳು ಬಲಗೈಯ ಮೊಣಕೈ ಮುಟ್ಟಿವೆ. ದೇವರಿಗೆ ಏನನ್ನಾದರೂ ಕೊಡುವಾಗ ಹಾಗೆ ಕೊಡಬೇಕೆಂದು ನನಗೆ ಕಲಿಸಿದ್ದು ನನ್ನ ತಾಯಿ. ಆ ಗಂಡಸು ನಾನು.

ತೆಗೆದುಕೊಳ್ಳುತ್ತಿರಲೂಬಹುದಲ್ಲ ಎಂದು ಒಂದು ಕ್ಷಣ ವಾದಿಸಿಕೊಂಡೆ. ಹಿಂದಿನ ಫೋಟೋದಲ್ಲಿ ತಟ್ಟೆಯಲ್ಲಿ ಒಂದೇ ಕೀ. ಮುಂದಿನದರಲ್ಲಿ ಎರಡು. ಹಿನ್ನೆಲೆಯಲ್ಲಿ, ಗೇಟಿನ ಹತ್ತಿರ ಕಾವಲುಗಾರ ಒಬ್ಬನೇ ನಿಂತಿದ್ದಾನೆ.

ಆ ಸಂಜೆಯೇ ಸ್ಪ್ರಿಂಗ್ ವ್ಯಾಲಿಗೆ ಹೋದೆ. ಫೋನನ್ನು ಟೀ ಮೇಜಿನ ಮೇಲಿಟ್ಟು, "ಕೀ ತೆಗ್ದಿದ್ದು ನಾನು," ಎಂದೆ.

ಗೆಳೆಯ ಕನ್ನಡಕ ಏರಿಸಿ ನೋಡಿದ, ಫೋಟೋ ದೊಡ್ಡದು ಮಾಡಿದ, ಮತ್ತೆ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. "ಶೂ ಬೇರೆ ಬಿಚ್ಚಿದ್ದಾನೆ ನೋಡೇ. ನನಗಿಂತ ಭಕ್ತಿ ಜಾಸ್ತಿ ಇದೆ ಈ ನಾಸ್ತಿಕನಿಗೆ."

ಡಾಕ್ಟರು ನಗಲಿಲ್ಲ. ಗಂಡನ ಕಡೆ ನೋಡಿದರು. "ಎರಡು ವರ್ಷ ಯಾಕೆ ಸುಮ್ನಿದ್ರಿ?"

"ನಂಗೂ ನಾನೇ ಅನ್ಸಿತ್ತಲ್ಲ ಮಾರಾಯ್ತಿ. ನೀನು ನೋಡೋ ಥರ ನೋಡಿದ್ರೆ ಯಾರಿಗಾದ್ರೂ ಅನ್ಸತ್ತೆ."

ಡಾಕ್ಟರು ಫೋನನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಅವನ ಮುಂದಿದ್ದ ಖಾಲಿ ಲೋಟಕ್ಕೆ ಟೀ ಬಗ್ಗಿಸಿದರು. "ಡಿಸೆಂಬರಿಗೆ ರಜೆ ಬರೀತೀನಿ. ಪೂಜೆ ಮೊದ್ಲು, ಜೋಡಿಸೋದು ಆಮೇಲೆ. ಕೊನೇಲಿ ಸ್ಟೀರಿಂಗ್ ತಿರುಗಿಸಿ ನೋಡೋದು ನಾನು, ಅದಾದ್ಮೇಲೆ ಯಾರೂ ಕಾರ್ ಮುಟ್ಟೋ ಹಾಗಿಲ್ಲ." ನನ್ನ ಕಡೆ ತಿರುಗಿದರು. "ಮುಖ್ಯವಾಗಿ ನೀವು, ಮೇಷ್ಟ್ರೇ."

ನಾನು ಒಪ್ಪಿದೆ. ಆದರೆ ಒಂದು ವಿಷಯ ಒಳಗೆ ಕೊರೆಯುತ್ತಲೇ ಇತ್ತು, ಹೇಳಿಬಿಟ್ಟೆ. ಕೀ ಸಡಿಲವಾಗಿದ್ದು ಮುಟ್ಟಿದ ತಕ್ಷಣ ಕೈಗೆ ಬಂದಿರಬಹುದಲ್ಲ? ಹಾಗಿದ್ದರೆ ಕೈ ಏನು ಮಾಡಿತು ಎಂದು ತಲೆಗೆ ತಿಳಿಯದೇ ಹೋದದ್ದಕ್ಕೆ ಒಂದು ಅರ್ಥವಾದರೂ ಇರುತ್ತದೆ.

ಡಾಕ್ಟರು ಗೋಡೆಯ ಕೊಕ್ಕೆಯಿಂದ ತಮ್ಮ ಕಾರಿನ ಕೀ ತೆಗೆದು ನನ್ನ ಕೈಗೆ ಕೊಟ್ಟರು. "ಕಾರು ಅಲ್ಲೇ ಇದೆ. ನೋಡೇ ಬಿಡಿ."

ಕೂತು ಕೀ ಹಾಕಿ, ಅಂದಿನ ಹಾಗೆ ಒಂದು ಹಂತ ತಿರುಗಿಸಿ, ಹಿಂದಕ್ಕೆ ಎಳೆದೆ. ಬರಲಿಲ್ಲ. ಅಲುಗಿಸಿ ಎಳೆದೆ, ಬರಲಿಲ್ಲ. ಗಂಡ ಹೆಂಡತಿ ಕಿಟಕಿಯಲ್ಲಿ ಬಗ್ಗಿ ನೋಡುತ್ತಿದ್ದರು. ಹೊರಬರಬೇಕಾದರೆ ಕೀಯನ್ನು ಮೊದಲು ಒಳಕ್ಕೆ ಒತ್ತಬೇಕು, ಒತ್ತಿ ಹಿಡಿದೇ ಹಿಂದಕ್ಕೆ ತಿರುಗಿಸಬೇಕು, ಆಮೇಲೆ ಎಳೆಯಬೇಕು. ಒಟ್ಟು ಐದು ಸಲ ಮಾಡಿ ನೋಡಿದೆ. ಒತ್ತದೆ ಒಂದು ಸಲವೂ ಹೊರಬರಲಿಲ್ಲ. ಅಂದು ನನ್ನ ಕೈ ಈ ಮೂರನ್ನೂ ಮಾಡಿತ್ತು.